ತಿರುಗಿ ಮುಚ್ಚಿದ ಹಾಸುಗಲ್ಲು

ಮೇ 14, ಬುಧವಾರ. ಸಂಜೆ ಐದು ಗಂಟೆಯಾದರೂ ವಾಡಿಯ ಬಿಸಿಲು ಜಗ್ಗುವ ಲಕ್ಷಣ ತೋರಿರಲಿಲ್ಲ. ಪೊಲೀಸ್ ಠಾಣೆಗೆ ಬಂದ ದೂರುದಾರ ಅದಕ್ಕಿಂತ ಹೆಚ್ಚು ಕಾದಿದ್ದ. ಹೆಡ್ ಕಾನ್‌ಸ್ಟೇಬಲ್ ಅಶೋಕಕುಮಾರ ಎರಡು ಮೂರು ಸಲ ‘ಕುಂದ್ರಿ’ ಎಂದ ಮೇಲೆ ಅವನು ಕುರ್ಚಿಯ ಅಂಚಿಗೆ ಕುಳಿತ. ಹೆಸರು ನಂದಕಿಶೋರ್, ಪುಣೆಯ ಎಂಜಿನಿಯರ್. ಕಾಗಿಣಾ ಕ್ರೀಡಾಂಗಣಕ್ಕೆ ಹೊಸ ಕ್ಯಾಮೆರಾ, ದೊಡ್ಡ ಎಲ್‌ಇಡಿ ಪರದೆ, ಸ್ಪೀಕರ್ ಮತ್ತು ಟಿ.ವಿ. ಪ್ರಸಾರದ ಕೊಠಡಿ ಕೂರಿಸುವ ಗುತ್ತಿಗೆ ಅವನ ಕಂಪನಿಯದು. ಕ್ಯಾಮೆರಾಗಳಿಂದ ಪ್ರಸಾರ ಕೊಠಡಿಗೂ ಪರದೆಗೂ ಚಿತ್ರ ಒಯ್ಯುವ ಮುಖ್ಯ ಫೈಬರ್ ಕೇಬಲನ್ನು ಆ ಮಧ್ಯಾಹ್ನ ಯಾರೋ ಕತ್ತರಿಸಿ ಹಾಕಿದ್ದರು.

ಪಿಎಸ್‌ಐ ಪದ್ಮಜಾಗೆ ಫುಟ್ಬಾಲ್ ಎಂದರೆ ಬಂದೋಬಸ್ತು. ಯಾರು ಗೆದ್ದರೂ ಸೋತರೂ ಬೆನ್ನು ತಿರುಗಿಸಿ ಜನರ ಮುಖ ನೋಡುತ್ತ ನಿಲ್ಲುವುದೇ ಅವಳ ಆಟ. ಆದರೂ ಊರಿನ ಸಂಭ್ರಮ ಅವಳಿಗೆ ಗೊತ್ತಿತ್ತು. ಕಾಗಿಣಾ ತಂಡ ಈ ವರ್ಷ ಮೇಲಿನ ಲೀಗಿಗೆ ಏರಿತ್ತು. ಅಲ್ಲಿನ ಆಟಗಳನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತದೆ. ಶನಿವಾರ ಲೀಗಿನವರು ಬಂದು ಕ್ಯಾಮೆರಾ ಪರದೆಗಳನ್ನು ಪರೀಕ್ಷಿಸಬೇಕು. ಫೇಲಾದರೆ ಭಾನುವಾರದ ಆಟವಷ್ಟೇ ಅಲ್ಲ, ವರ್ಷದ ಆಟಗಳೆಲ್ಲ ಬೇರೆ ಊರಿನ ಪಾಲು. ಕುಡಿಯುವ ನೀರು ಮೂರು ದಿನಕ್ಕೊಮ್ಮೆ ಬರುವ ಊರಿಗೆ ಮನೆ ಗಾತ್ರದ ಟಿ.ವಿ. ಬಂದಿದೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಪದ್ಮಜಾಳ ತಂದೆ ನಕ್ಕಿದ್ದರು. ನಕ್ಕವರೇ ಭಾನುವಾರಕ್ಕೆ ಟಿಕೆಟ್ಟನ್ನೂ ತರಿಸಿಕೊಂಡಿದ್ದರು.

ಭಾರತೀಯ ನ್ಯಾಯ ಸಂಹಿತೆಯ ಕಲಂ 324ರ ಅಡಿ ಎಫ್‌ಐಆರ್ ಆಯಿತು. ಬೆಳಕಿರುವಾಗಲೇ ಪದ್ಮಜಾ ಇಬ್ಬರು ಪಂಚರನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು.

ಮೈದಾನದ ಸುತ್ತ ಕೇಬಲ್ ಕಾಲುವೆ, ಅದರ ಮೇಲೆ ಸಾಲಾಗಿ ಶಹಾಬಾದಿನ ಹಾಸುಗಲ್ಲು. ಒಂದೊಂದೂ ಮೂರ್ನಾಲ್ಕು ಆಳು ಹೊರುವಂಥ ಕಲ್ಲು. ಮಧ್ಯಾಹ್ನ ಊಟಕ್ಕೆ ಹೋಗುವಾಗ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಇತ್ತು, ರೆಕಾರ್ಡಿಂಗ್ ಮಾತ್ರ ನಿಲ್ಲಿಸಿದ್ದೆವು ಎಂದ ನಂದಕಿಶೋರ್. ಆ ಹೊತ್ತಿನ ಬಿಸಿಲಿಗೆ ನಾಯಿಯೂ ನೆರಳು ಬಿಟ್ಟು ಬರುವುದಿಲ್ಲ. ಅವನ ಹುಡುಗರು ಬೇವಿನ ಮರದ ಕೆಳಗೆ ಒಂದು ನಿದ್ದೆ ತೆಗೆದು ಬಂದಾಗ ಪರದೆ ಕಪ್ಪಾಗಿತ್ತು. ಎಲ್ಲಿ ಕತ್ತರಿಸಿದೆ ಎಂದು ಹುಡುಕಲು ಹಾರೆ ಹಾಕಿ ಸಾಲು ಕಲ್ಲು ಎಬ್ಬಿಸಬೇಕಾಯಿತು, ಯಾಕೆಂದರೆ ಯಾವ ಕಲ್ಲೂ ಮಿಸುಕಿದ ಗುರುತೇ ಇರಲಿಲ್ಲ.

“ಮೂರು ನಾಲ್ಕು ಮಂದಿ ಇರಬೇಕ್ರಿ ಮೇಡಂ,” ಎಂದ ಅಶೋಕಕುಮಾರ. “ಒಬ್ಬನ ಕೈಲೆ ಈ ಕಲ್ಲು ಆಗಂಗಿಲ್ಲ.”

ಪದ್ಮಜಾ ಮೂಲೆಯಲ್ಲಿ, ಕೇಬಲ್ ತುಂಡಾಗಿದ್ದ ಜಾಗದ ಕಲ್ಲಿನ ಬಳಿ ಕುಕ್ಕರಗಾಲಲ್ಲಿ ಕುಳಿತಳು. ಹಾರೆ ಹಾಕಿದ ಕಡೆಯೆಲ್ಲ ಕಲ್ಲುಗಳ ಅಂಚಿನಿಂದ ಚಕ್ಕೆ ಎದ್ದಿತ್ತು. ಈ ಕಲ್ಲಿಗೆ ಚಕ್ಕೆ ಹಾರಿದ್ದು ಒಂದೇ ಕಡೆ, ನಂದಕಿಶೋರನ ಹುಡುಗರು ಎಬ್ಬಿಸಿದ ಕಡೆ ಮಾತ್ರ, ಅಂದರೆ ಮೊದಲು ಎಬ್ಬಿಸಿದವನು ಹಾರೆ ಹಾಕಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಬಳೆಯ ಚೂರಿನಂತೆ ಬಾಗಿದ ಗೀರುಗಳಿದ್ದವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

ಆ ಗೀರು ಅವಳಿಗೆ ಹೊಸದಲ್ಲ. ತಂದೆ ಶಹಾಬಾದಿನಲ್ಲಿ ಮೇಷ್ಟರಾಗಿದ್ದಾಗ ಬಾಡಿಗೆ ಮನೆಯ ಎದುರಿಗೇ ಕಲ್ಲಿನ ಅಡ್ಡೆ ಇತ್ತು. ತಂದೆ ಒಳಗೆ ಸಾಲಿಗ್ರಾಮಕ್ಕೆ ನೀರೆರೆಯುವಾಗ ಹೊರಗೆ ಆಳುಗಳು ಕಲ್ಲು ‘ನಡೆಸುವುದನ್ನು’ ಇವಳು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಗಣಿಯಲ್ಲಿ ಪಳಗಿದವನು ಹಾಸುಗಲ್ಲನ್ನು ಎತ್ತುವುದಿಲ್ಲ. ಒಂದು ಅಂಚಿಗೆ ಕಟ್ಟಿಗೆಯ ತುಂಡು ಕೊಟ್ಟು ನಿಲ್ಲಿಸಿ, ಒಂದು ಮೂಲೆ ಊರಿ ಇನ್ನೊಂದು ಮೂಲೆ ತಿರುಗಿಸುತ್ತ, ಹೊಸದಾಗಿ ಕಾಲು ಬಂದ ಮಗುವನ್ನು ನಡೆಸಿದ ಹಾಗೆ ನಡೆಸಿಕೊಂಡು ಹೋಗುತ್ತಾನೆ. ಅದಕ್ಕೆ ಒಬ್ಬನೇ ಸಾಕು.

ಇನ್ನೊಂದು ವಿಷಯ ಅವಳನ್ನು ಕುಟುಕಿತು. ಕೇಬಲ್ ಕತ್ತರಿಸಿದವನು ಜೀವ ಕೈಯಲ್ಲಿ ಹಿಡಿದು ಓಡಬೇಕು. ಇವನು ನಿಂತು ಕಲ್ಲನ್ನು ಮತ್ತೆ ಸಮನಾಗಿ ಕೂರಿಸಿ, ಸಂದಿಗೆ ಪುಡಿಮಣ್ಣು ತುಂಬಿ, ಅಂಗೈಯಿಂದ ಸವರಿ ಹೋಗಿದ್ದ. ಅಡಗಿಸಲೆಂದು ಮಾಡಿದ್ದಲ್ಲ ಅದು. ಅಡಗಿಸಿ ಏನು ಬಂತು, ಪರದೆ ಕಪ್ಪಾದುದನ್ನು ಊರೇ ನೋಡುತ್ತದೆ. ಕಲ್ಲು ತೆರೆದಿಟ್ಟು ಹೋದರೆ ದನವೋ ಮಗುವೋ ಕಾಲು ಮುರಿದುಕೊಳ್ಳುತ್ತದೆಂದು ಗಣಿಯ ಮನೆಗಳಲ್ಲಿ ಚಿಕ್ಕಂದಿನಿಂದ ಬೆನ್ನ ಮೇಲೆ ಹೊಡೆದು ಕಲಿಸುತ್ತಾರೆ. ತಪ್ಪು ಮಾಡುವಾಗಲೂ ಆ ಕೈ ತನ್ನ ರೂಢಿ ಬಿಡಲಿಲ್ಲ.

ಆದರೆ ಠಾಣೆಯಲ್ಲಿ ಎಲ್ಲರ ಬಾಯಲ್ಲಿದ್ದ ಹೆಸರು ವಿಠ್ಠಲ್‌ನದು. ಕ್ರೀಡಾಂಗಣಕ್ಕೆ ಮೊದಲಿನಿಂದ ಮೈಕ್ ಸೆಟ್ ಹಚ್ಚುತ್ತಿದ್ದವನು ಅವನೇ. ಹೊಸ ಸ್ಪೀಕರ್ ಬಂದು ಅವನ ಕೆಲಸ ಹೋಗಿತ್ತು. ಹೊಸ ಸಾಮಾನು ಹೇಗೆ ಮಾತಾಡುತ್ತದೋ ನೋಡುತ್ತೇನೆಂದು ಚಹಾದ ಅಂಗಡಿಯಲ್ಲಿ ಮೀಸೆ ತಿರುವಿದ್ದನಂತೆ. ಗುರುವಾರ ಬೆಳಿಗ್ಗೆ ಕರೆಸಿದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಲೇ ಒಳಗೆ ಬಂದ. ಬುಧವಾರ ಇಡೀ ದಿನ ಶಹಾಬಾದಿನ ಮದುವೆಯೊಂದಕ್ಕೆ ಮೈಕ್ ಹಚ್ಚಿದ್ದೆ ಎಂದ. ಅಶೋಕಕುಮಾರ ಫೋನು ಮಾಡಿ ವಿಚಾರಿಸಿದ, ಅದು ನಿಜವಾಗಿತ್ತು. ಹೋಗುವ ಮೊದಲು ವಿಠ್ಠಲ್ ಒಂದು ಮಾತು ಹೇಳಿದ.

“ನಾ ಕತ್ತರಿಸೋದಿದ್ರ ಸ್ಪೀಕರಿನ ವೈರ್ ಕತ್ತರಿಸ್ತಿದ್ದೆ ಮೇಡಂ. ಅದೂ ಅದೇ ಕಾಲುವ್ಯಾಗ ಅದ. ಆ ಪರದಿ ನನಗೇನ್ ಮಾಡ್ಯದ್ರಿ?”

ಪದ್ಮಜಾ ಪೆನ್ನು ಕೆಳಗಿಟ್ಟಳು. ಹೌದಲ್ಲ, ದಪ್ಪನೆಯ ಸ್ಪೀಕರ್ ವೈರು ಪಕ್ಕದಲ್ಲೇ ಹಾಯಾಗಿ ಮಲಗಿತ್ತು. ಕತ್ತರಿಸಿದವನಿಗೆ ಸದ್ದಿನ ಮೇಲೆ ಸಿಟ್ಟಿಲ್ಲ. ಅವನ ಜಗಳ ಚಿತ್ರದೊಂದಿಗೆ.

ಅವಳು ಪ್ರಸಾರ ಕೊಠಡಿಗೆ ಹೋಗಿ ಹಿಂದಿನ ವಾರದ ಪರೀಕ್ಷೆಯ ಚಿತ್ರಗಳನ್ನು ತೋರಿಸಲು ಹೇಳಿದಳು. ಕ್ಯಾಮೆರಾ ಮೈದಾನದ ಮೇಲೆ ಹೊರಳುತ್ತದೆ, ಸಿಕ್ಕವರ ಮುಖ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಕಸ ಗುಡಿಸುವವಳು ತನ್ನನ್ನು ತಾನೇ ನೋಡಿ ನಕ್ಕು ಸೆರಗು ಸರಿಪಡಿಸಿಕೊಂಡಳು. ಪೇಂಟರ್ ಬ್ರಶ್ ಎತ್ತಿ ಸಲಾಮು ಹೊಡೆದ. ಆಮೇಲೆ ಹುಲ್ಲಿಗೆ ನೀರು ಬಿಡುತ್ತಿದ್ದ ಒಬ್ಬ ಗಡ್ಡದವನ ಮುಖ ಬಂತು. ಅವನು ಮೇಲೆ ನೋಡಿದ. ಪೈಪು ಕೈಯಿಂದ ಜಾರಿತು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬಿರಬಿರನೆ ಚೌಕಟ್ಟಿನಾಚೆ ನಡೆದುಬಿಟ್ಟ. ಮುಂದಿನ ದಿನಗಳ ಚಿತ್ರದಲ್ಲೂ ಅವನಿದ್ದ, ಆದರೆ ಎಲ್ಲದರಲ್ಲೂ ಬೆನ್ನು ಮಾತ್ರ.

“ಇವರು ಯಾರು?”

“ಮಾಣಿಕಪ್ಪ,” ಎಂದ ನಂದಕಿಶೋರ್. “ಹುಲ್ಲೆಲ್ಲ ಅವನದೇ. ಪಾಪದ ಮನುಷ್ಯ ಮೇಡಂ. ಪರೀಕ್ಷೆ ಫೇಲಾದ್ರೆ ಏನಾಗ್ತದೆ ಅಂತ ಒಂದಿನ ನನ್ನನ್ನೇ ಕೇಳಿದ್ದ.”

ಹಲವು ವರ್ಷಗಳಿಂದ ಮೈದಾನದ ಹಿಂದಿನ ಶೆಡ್ಡಿನಲ್ಲೇ ವಾಸ, ಮಾತು ಕಡಿಮೆ, ಚಂದ್ರಂಪಳ್ಳಿ ಕಡೆಯವನಂತೆ ಎಂದಷ್ಟೇ ಕ್ಲಬ್ಬಿನವರಿಗೆ ಗೊತ್ತಿತ್ತು. ಅವನ ಹತ್ತಿರ ಯಾವ ಕಾಗದ ಪತ್ರವೂ ಇರಲಿಲ್ಲ. ಪದ್ಮಜಾ ಅವನನ್ನು ತಕ್ಷಣ ಹಿಡಿಯಲಿಲ್ಲ. ಮುಖದ ಚಿತ್ರವನ್ನು ಮೊಬೈಲಿಗೆ ಹಾಕಿಸಿ ಅಶೋಕಕುಮಾರನನ್ನು ಚಂದ್ರಂಪಳ್ಳಿಗೆ ಕಳಿಸಿದಳು.

ಶುಕ್ರವಾರ ಬೆಳಿಗ್ಗೆ ಅವನು ತಂದ ಸುದ್ದಿ ಒಂದು ಸಣ್ಣ ಪ್ರಕರಣವನ್ನು ದೊಡ್ಡದು ಮಾಡಿತು. ಅಲ್ಲಿ ಮಾಣಿಕಪ್ಪ ಎಂಬವನು ಇದ್ದುದು ನಿಜ. ಹಿಂದೆ ಮುಂದೆ ಯಾರೂ ಇಲ್ಲದ ಅವನಿಗೆ ಅನ್ನ ಹಾಕಿ ಬೆಳೆಸಿದವಳು ಪಕ್ಕದ ಮನೆಯ ಹಸೀನಾಬೇಗಂ. ಹನ್ನೊಂದು ವರ್ಷದ ಹಿಂದೆ ಸೇಡಂ ಕಡೆ ಗಣಿ ಕೆಲಸಕ್ಕೆಂದು ಹೋದವನು ತಿರುಗಿ ಬಂದಿಲ್ಲ. ಮೊಬೈಲಿನ ಚಿತ್ರವನ್ನು ಮುದುಕಿ ಬೆಳಕಿಗೆ ಹಿಡಿದು ನೋಡಿ ಹೇಳಿದಳಂತೆ, ಇವನ್ಯಾರೋ ನಾ ಕಾಣೆ, ನಮ್ಮ ಮಾಣಿಕ ಎಲ್ಲಿ?

ಗಡ್ಡದವನನ್ನು ಠಾಣೆಗೆ ಕರೆತಂದರು. ಶೆಡ್ಡಿನಲ್ಲಿದ್ದ ಹುಲ್ಲು ಕತ್ತರಿಸುವ ಕತ್ತರಿಯನ್ನು ಪಂಚರ ಸಮಕ್ಷಮ ಜಪ್ತಿ ಮಾಡಲಾಗಿತ್ತು. ಅದರ ಬಾಯಿಗೆ ಕೇಬಲ್ಲಿನ ಕಪ್ಪು ರಬ್ಬರ್ ಅಂಟಿತ್ತು. ಅವನು ಮೇಜಿನ ಎದುರು ನೆಲ ನೋಡುತ್ತ ನಿಂತ.

“ಕೇಬಲ್ ಕತ್ತರಿಸಿದ್ದು ನೀವೇನು?”

“ಹೌದ್ರಿ.”

“ಸಂಗಡ ಯಾರಿದ್ರು?”

“ಯಾರೂ ಇಲ್ರಿ.”

“ಯಾಕ ಕತ್ತರಿಸಿದ್ರಿ?”

ಅವನು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದ.

“ನೀವು ಮಾಣಿಕಪ್ಪ ಅಲ್ಲ. ಚಂದ್ರಂಪಳ್ಳಿಯವ್ರು ಹೇಳ್ಯಾರ. ಖರೇ ಮಾಣಿಕಪ್ಪ ಎಲ್ಲಿ?”

ಪದ್ಮಜಾಗೆ ಬೆಳಗಿನಿಂದಲೇ ಕೊಲೆಯ ವಾಸನೆ ಬಡಿಯುತ್ತಿತ್ತು. ಕೇಬಲಿಗಾದರೆ ಸ್ವಲ್ಪ ದಿನದ ಶಿಕ್ಷೆ, ಕೊಲೆಗೆ ಜನ್ಮ ಪೂರ್ತಿ ಎಂದು ಅವಳು ಬಿಡಿಸಿ ಹೇಳಿದಳು. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ ಎಂಬ ಇಕ್ಕಟ್ಟು ಅವನ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಬಾಗಿಲು ಹಾಕಲು ಹೇಳಿ, ಅಲ್ಲೇ ನೆಲಕ್ಕೆ ಕುಳಿತು ಹೇಳತೊಡಗಿದ.

ಅವನ ಹೆಸರು ಗುರುಲಿಂಗಪ್ಪ. ಹುಟ್ಟಿ ಬೆಳೆದದ್ದು ಶಹಾಬಾದಿನ ಕಲ್ಲಿನ ಗಣಿಯಲ್ಲಿ, ಆಮೇಲೆ ಸೇಡಂ ಕಡೆ ಒಂದು ಸಿಮೆಂಟ್ ಕಂಪನಿಯ ಗಣಿಯಲ್ಲಿ ಕಾಯಂ ಕೆಲಸ. ಅಲ್ಲೊಂದು ರೂಢಿ ಇತ್ತು. ಯಾರಿಗಾದರೂ ರಜೆ ಬೇಕಾದರೆ ಹೊರಗಿನ ಬಡವನೊಬ್ಬನಿಗೆ ತನ್ನ ಹೆಲ್ಮೆಟ್ಟು, ನಂಬರಿನ ಜಾಕೀಟು ಹಾಕಿಸಿ ಬದಲಿ ಕಳಿಸುವುದು. ಮೇಸ್ತ್ರಿಗಳು ಕಂಡೂ ಕಾಣದಂತಿರುತ್ತಿದ್ದರು. ಆ ದಿನ ವಾಡಿಯಲ್ಲಿ ಕಾಗಿಣಾ ತಂಡದ ಆಟ ಇತ್ತು. ಫುಟ್ಬಾಲ್ ಎಂದರೆ ಅವನಿಗೆ ಹುಚ್ಚು. ಮಾಣಿಕಪ್ಪನಿಗೆ ಜಾಕೀಟು ಕೊಟ್ಟು ರೈಲು ಹತ್ತಿ ಬಂದುಬಿಟ್ಟ. ಸಂಜೆ ಸೇಡಂ ಸ್ಟೇಷನ್ನಿನಲ್ಲಿ ಇಳಿದಾಗ ಗಣಿಯ ಗೋಡೆ ಕುಸಿದು ಗುರುಲಿಂಗಪ್ಪ ಸತ್ತನಂತೆ ಎಂದು ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಮೊದಲು ನಗು ಬಂತಂತೆ.

ಮನೆಯ ಹಿಂದಿನ ಗೋಡೆಗೆ ಅಂಟಿ ನಿಂತು ನೋಡಿದ. ಮುಖ ಉಳಿಯದ ಹೆಣವನ್ನು ಬಟ್ಟೆಯಲ್ಲಿ ಸುತ್ತಿದ್ದರು. ಜಾಕೀಟಿನ ನಂಬರೇ ಅದರ ಗುರುತು. ಹೆಂಡತಿ ಚಂದಮ್ಮನ ಮುಂದೆ ನಿಂತ ಕಂಪನಿಯ ಅಧಿಕಾರಿ, ನಿನಗೆ ನಾವು ಕಾಯಂ ಕೆಲಸ ಕೊಡುತ್ತೇವೆ, ಇರಲು ಮನೆ ಕೊಡುತ್ತೇವೆ, ಹೆಣ್ಣುಮಕ್ಕಳನ್ನು ಓದಿಸು ಎಂದು ಹೇಳುತ್ತಿದ್ದ. ಇವನು ಒಂದು ಹೆಜ್ಜೆ ಮುಂದಿಟ್ಟರೆ ಆ ಮಾತು ಅಲ್ಲೇ ಮುಗಿಯುತ್ತಿತ್ತು. ಬದಲಿ ಕಳಿಸಿದ್ದಕ್ಕೆ ತನ್ನ ಕೆಲಸ ಹೋಗುತ್ತಿತ್ತು, ಒಂದು ಸಾವು ತಲೆಯ ಮೇಲೆ ಬೀಳುತ್ತಿತ್ತು.

“ಹೆದರಿಕಿನೂ ಇತ್ರಿ,” ಎಂದ. “ಆಕಿ ಸಲುವಾಗೇ ಸರದೆ ಅಂದ್ರ ಸುಳ್ಳಾಗ್ತದ. ನನ್ನ ಸಲುವಾಗಿನೂ ಸರದೆ. ನಾಳಿ ಹೋಗ್ತೀನಿ ಅಂದುಕೊಂಡೆ. ನಾಳಿಗಿ ಮಣ್ಣು ಮಾಡಿಬಿಟ್ರು.”

ಆಮೇಲೆ ಸತ್ತವನ ಹೆಸರಿಟ್ಟುಕೊಂಡು ಇದೇ ಮೈದಾನ ಸೇರಿದ. ಚಂದಮ್ಮ ಈಗ ಕಂಪನಿಯ ಆಸ್ಪತ್ರೆಯಲ್ಲಿ ಆಯಾ. ದೊಡ್ಡ ಮಗಳ ಮದುವೆಯಾಗಿದೆ, ಸಣ್ಣವಳು ನರ್ಸಿಂಗ್ ಓದುತ್ತಾಳೆ. ಇದೆಲ್ಲ ಅವನಿಗೆ ಸೇಡಂ ಕಡೆಯಿಂದ ಆಟ ನೋಡಲು ಬರುವವರ ಮಾತಿನಿಂದ ಗೊತ್ತು. ಅವರ ಕಣ್ಣಿಗೆ ಬೀಳದಂತೆ ಆಟದ ದಿನ ಹುಲ್ಲಿನ ತುದಿಯಲ್ಲಿ ಬೆನ್ನು ತಿರುಗಿಸಿ ಕೂರುತ್ತಿದ್ದ. ಅಷ್ಟರಲ್ಲಿ ಕ್ಯಾಮೆರಾ ಬಂತು. ಬೆನ್ನು ಯಾವ ಕಡೆ ತಿರುಗಿಸಿದರೂ ಮುಖದ ಕಡೆ ಇನ್ನೊಂದು ಕ್ಯಾಮೆರಾ ಇತ್ತು. ಆ ಪರದೆಯ ಮೇಲೆ ತನ್ನ ಮುಖ ಮನೆಯಷ್ಟು ದೊಡ್ಡದಾಗಿ ನಿಂತದ್ದನ್ನು ಕಂಡ ದಿನದಿಂದ ಅವನು ಸರಿಯಾಗಿ ಉಂಡಿರಲಿಲ್ಲ.

ಬೇರೆ ಊರಿಗೆ ಹೋಗಬಹುದಿತ್ತಲ್ಲ ಎಂದಳು ಪದ್ಮಜಾ.

“ಒಮ್ಮೆ ಓಡಿ ಏನಾತು ನೋಡಿದ್ರಲ್ರಿ,” ಎಂದ ಗುರುಲಿಂಗಪ್ಪ. “ಮ್ಯಾಲ ಆ ಹುಲ್ಲು ನಾ ಬೆಳಸಿದ್ದು. ಅದೊಂದೇ ಉಳದದ. ಈ ವರ್ಷ ಆಟ ಬ್ಯಾರೆ ಊರಿಗಿ ಹೋದ್ರ ಸಣ್ಣಾಕಿ ಓದು ಮುಗೀತಿತ್ತು. ಆಮ್ಯಾಲ ಏನರ ಆಗ್ಲಿ ಅಂತ. ಮೇಡಂ, ನನ್ನ ಮಾಣಿಕಪ್ಪ ಅಂತ ಬರಕೊಂಡು ಒಳಗ ಹಾಕ್ರಿ. ಚಂದಮ್ಮನ ಹೆಸರು ಮಾತ್ರ ಬರೀಬ್ಯಾಡ್ರಿ.”

“ನಾ ಪೊಲೀಸ್ ಇದ್ದೀನಿ. ಕೇಳಿದ್ದನ್ನ ಕೇಳಿಲ್ಲ ಅನ್ಲಿಕ್ಕ ಬರಂಗಿಲ್ಲ.”

ಹೇಳಿದ ಮೇಲೆ ಅವಳಿಗೇ ಆ ಮಾತು ಕಹಿಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ಅವನನ್ನು ದಸ್ತಗಿರಿ ಮಾಡಿದಳು. ಗುರುತು ಖಚಿತವಾಗಬೇಕು, ಅದಕ್ಕೆ ಸೇಡಂನಿಂದ ಚಂದಮ್ಮನನ್ನು ಕರೆಸಲೇಬೇಕು. ಅವಳು ಹೌದೆಂದರೆ ಹನ್ನೊಂದು ವರ್ಷದ ಕೆಲಸ, ಮನೆ, ಮಗಳ ಓದು ಎಲ್ಲ ಒಂದೇ ಸಹಿಯಲ್ಲಿ ಹೋಗುತ್ತದೆ. ಜಾಮೀನು ಕೊಡಬಹುದಾದ ಅಪರಾಧವೇ ಆದರೂ ಜಾಮೀನಿಗೆ ನಿಲ್ಲಲು ಅವನಿಗೆ ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಲಾಕಪ್ಪಿನಲ್ಲಿದ್ದವನು ಅವನು, ಆದರೆ ಕಚೇರಿಯ ನಾಲ್ಕು ಗೋಡೆಗಳ ನಡುವೆ ಉಸಿರು ಕಟ್ಟಿದ್ದು ಪದ್ಮಜಾಗೆ. ಅವಳು ದೂರವಾಣಿ ಎತ್ತಿಕೊಂಡು ಚಂದಮ್ಮನನ್ನು ಕಳಿಸುವಂತೆ ಸೇಡಂ ಠಾಣೆಗೆ ಹೇಳಿದಳು, ಕಾರಣ ಮಾತ್ರ ಹೇಳಲಿಲ್ಲ.

ಶನಿವಾರ ಬೆಳಗಿನ ರೈಲಿಗೆ ಚಂದಮ್ಮ ಬಂದಳು. ಹಣೆಯಲ್ಲಿ ವಿಭೂತಿ, ಆಸ್ಪತ್ರೆಯ ನೀಲಿ ಸೀರೆ. ರಜೆ ಸಿಕ್ಕಿಲ್ಲ, ಎರಡನೇ ಪಾಳಿಗೆ ತಿರುಗಿ ಹೋಗಬೇಕೆಂದು ಮೊದಲೇ ಹೇಳಿಬಿಟ್ಟಳು. ಒಬ್ಬ ಆರೋಪಿ ತಾನು ನಿಮ್ಮ ಗಂಡನೆಂದು ಹೇಳುತ್ತಿದ್ದಾನೆ, ನೋಡಿ ಹೇಳಬೇಕು ಎಂದಳು ಪದ್ಮಜಾ. ಚಂದಮ್ಮ ಬೆಚ್ಚಲಿಲ್ಲ. ಪರ್ಸನ್ನು ಎದೆಗೊತ್ತಿಕೊಂಡು ಲಾಕಪ್ಪಿನವರೆಗೆ ನಡೆದಳು.

ಒಳಗಿದ್ದವನು ಎದ್ದು ನಿಂತ. ಅವನು ತಲೆ ತಗ್ಗಿಸಿದ್ದ, ಅವಳು ತಗ್ಗಿಸಲಿಲ್ಲ. ಗಡ್ಡ, ಸುಟ್ಟ ಚರ್ಮ, ಬರಿಗಾಲು, ಎಲ್ಲವನ್ನೂ ಮೇಲಿನಿಂದ ಕೆಳಗೆ ನೋಡಿದಳು.

“ಇವ್ರು ನಮ್ಮವ್ರಲ್ರಿ,” ಎಂದಳು ಚಂದಮ್ಮ. “ನಮ್ಮವ್ರು ತೀರಿಕೊಂಡು ಹನ್ನೊಂದು ವರ್ಷ ಆತು. ಮೊದಲನೇ ಹಿಡಿ ಮಣ್ಣು ನಾನೇ ಹಾಕೀನಿ.”

ಹೇಳಿಕೆ ಬರೆದುಕೊಂಡದ್ದಾಯಿತು, ಓದಿ ಹೇಳಿದ್ದಾಯಿತು. ಅವಳು ನಿಧಾನವಾಗಿ, ಅಕ್ಷರ ಜೋಡಿಸುತ್ತ ಸಹಿ ಮಾಡಿದಳು. ಅಷ್ಟರಲ್ಲಿ ಮಹಿಳಾ ಕಾನ್‌ಸ್ಟೇಬಲ್ ತಾಜುನ್ನಿಸಾ ಎಲ್ಲರಿಗೂ ಮಜ್ಜಿಗೆ ತಂದಳು. ಆ ಬಿಸಿಲಿನಲ್ಲಿ ಠಾಣೆಗೆ ಬಂದವರಿಗೆ, ಕಳ್ಳನಾಗಲಿ ದೂರುದಾರನಾಗಲಿ, ಮಜ್ಜಿಗೆ ಕೊಡದೆ ಕಳಿಸುವ ಪದ್ಧತಿ ಇಲ್ಲ. ಚಂದಮ್ಮ ತನ್ನ ಪಾಲನ್ನು ಕುಡಿದು, ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ತಾಜುನ್ನಿಸಾ ಉಳಿದ ಲೋಟ ಹಿಡಿದು ಲಾಕಪ್ಪಿನ ಕಡೆ ತಿರುಗಿದಳು.

“ಅವ್ರಿಗಿ ಮಜ್ಜಿಗಿ ಕೊಡಬ್ಯಾಡವಾ,” ಎಂದಳು ಚಂದಮ್ಮ ಮೆಲ್ಲಗೆ. “ಉಬ್ಬಸ ಏಳ್ತದ. ಚಾ ಇದ್ರ ಕೊಡು.”

ತಾಜುನ್ನಿಸಾ ಏನೂ ಅರಿಯದೆ ಆಯಿತೆಂದು ತಲೆಯಾಡಿಸಿದಳು. ಪದ್ಮಜಾ ಮಾತ್ರ ಕುರ್ಚಿಯಿಂದ ಅರ್ಧ ಎದ್ದಳು. ಇಬ್ಬರ ಕಣ್ಣೂ ಕೂಡಿದವು. ಕರೆದು ಕೂರಿಸಿ ಇನ್ನೊಂದು ಹೇಳಿಕೆ ಬರೆದುಕೊಳ್ಳಬಹುದಿತ್ತು, ಬರೆದುಕೊಳ್ಳಬೇಕಿತ್ತು. ಚಂದಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿಗಿಳಿದು ಸ್ಟೇಷನ್ನಿನ ದಾರಿ ಹಿಡಿದಳು. ಪದ್ಮಜಾ ಕುಳಿತುಬಿಟ್ಟಳು.

‘ಮಾಣಿಕಪ್ಪ ಎಂದು ಹೇಳಿಕೊಳ್ಳುವ ವ್ಯಕ್ತಿ’ ಎಂದು ರಿಮಾಂಡ್ ಅರ್ಜಿಯಲ್ಲಿ ಬರೆದಳು. ಅದು ಸುಳ್ಳಲ್ಲ. ಅದು ಪೂರ್ತಿ ನಿಜವೂ ಅಲ್ಲ ಎಂಬುದು ಅವಳ ಮನಸ್ಸನ್ನು ಮುಳ್ಳಿನಂತೆ ಚುಚ್ಚುತ್ತಿತ್ತು. ಚಂದ್ರಂಪಳ್ಳಿಯಲ್ಲಿ ಒಬ್ಬ ಮುದುಕಿ ಇನ್ನೂ ದಾರಿ ಕಾಯುತ್ತಿದ್ದಾಳೆ. ಅವಳ ಮುಂದೆ ಹೋಗಿ ಕುಳಿತು ತಾನೇ ಹೇಳಬೇಕು, ಸಮವಸ್ತ್ರ ಬಿಟ್ಟು ಹೋಗಬೇಕು ಎಂದು ಪದ್ಮಜಾ ತೀರ್ಮಾನಿಸಿದಳು. ಹೇಳಿದ ಮೇಲೆ ಮುದುಕಿ ದೂರು ಕೊಟ್ಟರೆ, ಅದನ್ನು ಬರೆದುಕೊಳ್ಳಬೇಕಾದವಳೂ ತಾನೇ.

ಮೈದಾನದಲ್ಲಿ ನಂದಕಿಶೋರನ ಹುಡುಗರು ಹೈದರಾಬಾದಿನಿಂದ ತರಿಸಿದ ಕೇಬಲ್ ಜೋಡಿಸಿ ಮುಗಿಸಿದ್ದರು. ಜೀಪು ಮೈದಾನದ ಪಕ್ಕದಲ್ಲೇ ಹಾದು ಚಿತ್ತಾಪುರದ ಕೋರ್ಟಿನ ದಾರಿ ಹಿಡಿಯಿತು. ಗುರುಲಿಂಗಪ್ಪ ಹಿಂದಿನ ಸೀಟಿನಲ್ಲಿ ಅಶೋಕಕುಮಾರನ ಪಕ್ಕ ಕುಳಿತಿದ್ದ. ಊರು ದಾಟಿದ ಮೇಲೆ ತಾನಾಗಿ ಮಾತಾಡಿದ.

“ಚಲೋ ಆತ್ರಿ ಮೇಡಂ. ಆಕಿಗಿ ಗುರ್ತೇ ಸಿಗಲಿಲ್ಲ. ಗಡ್ಡ ಬಂದದ, ಬಣ್ಣ ಸುಟ್ಟದ. ಹ್ಯಾಂಗ ಸಿಗ್ತದ? ಚಲೋ ಆತು.”

ಎರಡನೆಯ ಸಲ ‘ಚಲೋ’ ಎನ್ನುವಾಗ ಅವನು ಮುಖ ಹೊರಗೆ ತಿರುಗಿಸಿದ. ಇಷ್ಟು ವರ್ಷ ಬೇಡಿಕೊಂಡದ್ದೇ ಸಿಕ್ಕಿತ್ತು, ಸಿಕ್ಕಿದ್ದು ಅವನನ್ನು ಒಳಗಿನಿಂದ ಕೊಲ್ಲುತ್ತಿತ್ತು. ಪದ್ಮಜಾ ರಸ್ತೆ ನೋಡುತ್ತ ಕುಳಿತಳು. ಇಲಾಖೆಯ ಕೆಲಸ ಮುಗಿದಿತ್ತು, ಇನ್ನೊಂದು ಮಾತಾಡುವ ಅಗತ್ಯವಿರಲಿಲ್ಲ. ಆದರೂ ಹಿಂದೆ ತಿರುಗಿದಳು.

“ನಿಮಗ ಮಜ್ಜಿಗಿ ಕೊಡಬ್ಯಾಡ ಅಂತ ಹೇಳಿ ಹೋದ್ರು,” ಎಂದಳು. “ಉಬ್ಬಸ ಏಳ್ತದಂತ. ಚಾ ಕೊಡ್ರಿ ಅಂದ್ರು.”

ಗುರುಲಿಂಗಪ್ಪ ಅವಳನ್ನೇ ನೋಡಿದ. ಆಮೇಲೆ ಮಗುವಿನ ಹಾಗೆ ಜೋರಾಗಿ ಅಳತೊಡಗಿದ. ಅಶೋಕಕುಮಾರ ಏನಾಯಿತೆಂದು ತಿಳಿಯದೆ ಅವನ ಭುಜದ ಮೇಲೆ ಕೈಯಿಟ್ಟ. ಚಿತ್ತಾಪುರದಲ್ಲಿ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ‘ಮಾಣಿಕಪ್ಪ’ ಎಂದು ಕೂಗಿದಾಗ ಅವನು ಕಣ್ಣೊರೆಸಿಕೊಂಡು ಒಳಗೆ ನಡೆದ.